ಹೊಟ್ಟಿನಲ್ಲಿ ಹೂತ ಎರಡು ಸೈಕಲ್ಲುಗಳು

ಆ ಭಾನುವಾರ ಬೆಳಿಗ್ಗೆ ನೀರು ಹಿಡಿದೆ, ಹಾಲು ತಂದೆ, ಒಣಗಿದ ಬಟ್ಟೆ ಮಡಚಿದೆ, ಎರಡು ಸೈಕಲ್ಲುಗಳ ಚೈನಿಗೆ ಧಾರಾಳವಾಗಿ ಗ್ರೀಸ್ ಬಳಿದೆ. ಇವುಗಳಲ್ಲಿ ಕೊನೆಯ ಕೆಲಸವೇ ಎಲ್ಲಕ್ಕಿಂತ ಚೆನ್ನಾಗಿ ಆಯಿತು. ಕೆಟ್ಟಿದ್ದೂ ಅಲ್ಲಿಯೇ.

ನನ್ನ ಹೆಂಡತಿ ಗಿರಿಜಾ ನಲವತ್ತೆಂಟನೇ ವಯಸ್ಸಿನಲ್ಲಿ ಸೈಕಲ್ ಕಲಿತಿದ್ದಳು. ದೇವದುರ್ಗದಾಚೆ ಕೃಷ್ಣಾ ಹೊಳೆಯ ದಂಡೆಗಿರುವ ಗೂಗಲ್ ಎಂಬ ಹಳ್ಳಿಯಲ್ಲಿ ಅವಳ ಅಕ್ಕ ಬಸಮ್ಮ ಇದ್ದಾರೆ. ಅವರು, "ಈ ವಯಸ್ಸಿನಾಗ ಬಿದ್ದು ಸೊಂಟ ಮುರ್ಕೋತಿ, ಸುಮ್ಮ ಕುಂದ್ರು" ಎಂದು ಫೋನಿನಲ್ಲೇ ನಕ್ಕಿದ್ದರು. ಅಕ್ಕನ ಬಾಗಿಲಿನಿಂದ ಹೊಳೆಯವರೆಗೆ ಸೈಕಲ್ ಹೊಡೆದು ತೋರಿಸಿಯೇ ತೀರುತ್ತೇನೆಂದು ಗಿರಿಜಾ ಹಟ ಹಿಡಿದಳು. ಅವಳದೂ ನನ್ನದೂ ಸೈಕಲ್ಲುಗಳನ್ನು ನಮ್ಮೂರು ಮಾನ್ವಿಯಿಂದ ಅಲ್ಲಿಗೆ ಸುರಕ್ಷಿತವಾಗಿ ಸಾಗಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ.

ಅಕ್ಕಿ ಗಿರಣಿಯ ಗೆಳೆಯನ ಟ್ರ್ಯಾಕ್ಟರ್ ಟ್ರಾಲಿಗೆ ಬಿದಿರಿನ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಗಾದಿ ಹಾಸಿ, ವಿಹಾರಕ್ಕೆಂದು ಓಡಾಡುವ ಮನೆಯನ್ನೇ ಮಾಡಿದ್ದೆ. ಟ್ರ್ಯಾಕ್ಟರ್ ಓಡಿಸುವ ಹುಸೇನಪ್ಪ ಹಗ್ಗ ತಂದು, "ಸೈಕಲ್ ನಿಂದ್ರಿಸಿ ಬದಿಗೆ ಬಿಗೀತೀನ್ರಿ ಮಾಸ್ತರ, ಮುಗೀತು" ಎಂದ.

ಹಗ್ಗ ಉಜ್ಜಿದರೆ ಬಣ್ಣ ಹೋಗುವುದಿಲ್ಲವೇ? ಮಂಜುಗಡ್ಡೆಯೂ ಗಾಜಿನ ಸಾಮಾನೂ ನಮ್ಮ ಕಡೆ ಹೊಟ್ಟಿನಲ್ಲೇ ಪ್ರಯಾಣ ಮಾಡುತ್ತವೆ. ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡದಷ್ಟಿತ್ತು. ಟ್ರಾಲಿಯ ಮುಂದಿನ ಅರ್ಧಕ್ಕೆ ಹಲಗೆ ಅಡ್ಡವಿಟ್ಟು, ಸೈಕಲ್ಲುಗಳನ್ನು ಮಲಗಿಸಿ, ಮುಳುಗುವಷ್ಟು ಹೊಟ್ಟು ಸುರಿಸಿದೆ.

"ಗ್ರೀಸ್ ಹಚ್ಚೀರಲ್ರಿ, ಹೊಟ್ಟು ಅಂಟಂಗಿಲ್ಲೇನು?" ಎಂದಳು ಗಿರಿಜಾ.

"ಸಾಗಾಣಿಕಿ ಅನ್ನೋದು ಒಂದು ಶಾಸ್ತ್ರ ಅದ" ಎಂದೆ.

ಗಾಳಿಯಾಡಲೆಂದು ತಾಡಪತ್ರಿಯ ಮುಂಭಾಗ ತೆರೆದಿಟ್ಟವನೂ ನಾನೇ. ಸಿರವಾರ ದಾಟುವುದರೊಳಗೆ ಹೊಟ್ಟು ನಮ್ಮ ಕಣ್ಣು, ಕಿವಿ, ಕೊರಳು ಎಲ್ಲವನ್ನೂ ಸೇರಿತ್ತು. ದೇವದುರ್ಗದಲ್ಲಿ ಚಹಾದವನು, "ಯಾವ ಗಿರಣಿ ಮಂದಿರೀ ನೀವು?" ಎಂದು ಕೇಳಿದ.

"ಗಿರಣಿ ಮಂದಿ ಅಲ್ಲಪ್ಪ, ಶಾಸ್ತ್ರ ಓದಿದ ಮಂದಿ" ಎಂದಳು ಗಿರಿಜಾ.

ಗೂಗಲ್‌ನಲ್ಲಿ ಸೈಕಲ್ಲುಗಳನ್ನು ಅಗೆದು ತೆಗೆದೆವು. ಚೈನುಗಳು ಮುಳ್ಳುಹಂದಿಯಾಗಿದ್ದವು. ಗಿರಿಜಾ ಪೆಡಲ್ ಒತ್ತಿದಳು. ಕರ್ ಎಂದು ಅಲ್ಲೇ ನಿಂತಿತು. ಇನ್ನೊಂದು ಸೈಕಲ್ ಅಷ್ಟೂ ಸದ್ದು ಮಾಡಲಿಲ್ಲ.

"ಸೈಕಲ್ ಹೊಡ್ಯಾಕ ಬರ್ತೀನಂದು ಹೊಟ್ಟು ಹೊತ್ಕೊಂಡು ಬಂದಿಯಲ್ಲ ಬೇ" ಎಂದರು ಬಸಮ್ಮ. ಗಿರಿಜಾಳ ಮುಖ ಸಣ್ಣಗಾಯಿತು. ಅಂದು ನನಗೂ ನಗೆ ಬಾರದ ಗಳಿಗೆ ಅದೊಂದೇ.

ಅವಳು ಪಕ್ಕದ ಮನೆಯ ಹಾಲಿನವನನ್ನು ಕೇಳಿ, ಅವನ ಸೈಕಲ್ಲಿನಿಂದ ಕ್ಯಾನು ಇಳಿಸಿ, ಸೀರೆ ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇ ಬಿಟ್ಟಳು. ಎರಡು ಸಲ ವಾಲಿದಳು, ಬೀಳಲಿಲ್ಲ. ಹೊಳೆ ಮುಟ್ಟಿ ತಿರುಗಿ ಬಂದಳು. ಆ ಸೈಕಲ್ ರಾಯಚೂರಿನಿಂದ ಬಸ್ಸಿನ ಮೇಲೆ ಒಂದು ಹರಕು ಹಗ್ಗದಲ್ಲಿ ಬಂದದ್ದಂತೆ.

ಬಸಮ್ಮ ಆ ಸೈಕಲ್ಲಿನ ಹ್ಯಾಂಡಲ್ ಮುಟ್ಟಿ ನೋಡಿ, "ನನಗೂ ಕಲಿಸ್ತೀಯೇನು?" ಎಂದರು.

"ಕಲಿಸ್ತೀನಿ ಅಕ್ಕಾ. ಸೈಕಲ್ ಮಾತ್ರ ಇವ್ರ ಕೈಯಾಗ ಕೊಡಬ್ಯಾಡ."

ಮಧ್ಯಾಹ್ನ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ನನ್ನ ಕೈ ಗ್ರೀಸಾಗಿದ್ದರಿಂದ ರೊಟ್ಟಿ ತಿನ್ನಲು ಚಮಚ ಕೊಟ್ಟರು. ಪಡಸಾಲೆಯಲ್ಲಿ ಮೊದಲು ಗಿರಿಜಾ ಮಲಗಿದಳು, ಆಮೇಲೆ ಅಕ್ಕ, ಆಮೇಲೆ ಹುಸೇನಪ್ಪ. ನಾನು ಅಂಗಳದಲ್ಲಿ ಪಿನ್ನು ಹಿಡಿದು ಚೈನಿನಿಂದ ಹೊಟ್ಟು ಕೀಳುತ್ತಿದ್ದೆ. ಎರಡೂ ಸೈಕಲ್ಲುಗಳ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಹೇಳೋಣವೆಂದರೆ ಎಚ್ಚರವಿದ್ದವರು ಯಾರೂ ಇರಲಿಲ್ಲ.