ಸರ್ಕಾರಿ ಬಾನಿಯಲ್ಲಿ ಕಾವಿಗೆ ಕೂತ ಕೋಳಿ

ಹನುಮಂತಮ್ಮನ ಕೋಳಿ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದು ಹೋಗಿ ಕೂತದ್ದು ಸರ್ಕಾರ ಕೊಟ್ಟ ಟೈರಿನ ಬಾನಿಯಲ್ಲಿ. ಅದೂ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಾನಿ ನೋಡಲು ಕಡಬಕ್ಕೆ ಬರುವ ದಿನವೇ.

"ಏಳಿಸಮ್ಮ ಅದನ್ನ," ಎಂದ ಸಿದ್ದಗಂಗಯ್ಯ. ಗುಬ್ಬಿಯಿಂದ ಬಸ್ಸಿನಲ್ಲಿ ನಿಂತೇ ಬಂದವನ ದನಿಯಲ್ಲಿ ಜೋರೇ ಇರಲಿಲ್ಲ.

"ಕಾವಿಗೆ ಕೂತಿರೋ ಕೋಳೀನ ಯಾರಾರ ಏಳುಸ್ತಾರಾ? ನಿಮ್ಮನೇಲಿ ಬಾಣಂತೀನ ಏಳುಸ್ತೀರಾ?"

"ಅದು ದನಕ್ಕೆ ಕಲಗಚ್ಚು ಇಡೋಕೆ ಕೊಟ್ಟಿದ್ದು ಕಣಮ್ಮ."

"ದನ ಮೂಸೂ ನೋಡ್ಲಿಲ್ಲ. ಕೋಳಿಗೆ ಬೆಚ್ಚಗೈತೆ, ಬುಡಿ."

ಸವೆದ ಲಾರಿ ಟೈರುಗಳಿಗೆ ಹೊಸ ಉಪಯೋಗ ಕಂಡುಹಿಡಿದು ಹಳ್ಳಿಗಳಲ್ಲೇ ಮಾರುಕಟ್ಟೆ ಬೆಳೆಸಬೇಕೆಂಬುದು ಇಲಾಖೆಯ ಹೊಸ ಹುಚ್ಚು. ತುಮಕೂರಿನ ಶಿರಾ ಗೇಟಿನ ಗುಜರಿಯಿಂದ ಟೈರು ತರಿಸಿ, ಕೊಯ್ಯಿಸಿ, ಬಾನಿ, ಬಕೀಟು, ಚಪ್ಪಲಿ, ಕಾಲೊರಸು ಮಾಡಿಸಿ ಊರಿಗೆಲ್ಲ ಪುಕ್ಕಟೆ ಹಂಚಿದವನು ಸಿದ್ದಗಂಗಯ್ಯ. ಪಾಪ, ಅವನಿಗೆ ಟೈರಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಹೆಂಡತಿ ವನಜಮ್ಮ ಕುಣಿಗಲ್ಲಿನಲ್ಲಿ ಟೀಚರು. ಇವನು ಗುಬ್ಬಿಯ ಬಾಡಿಗೆ ಕೋಣೆಯಲ್ಲಿ ಸ್ಟವ್ ಪಂಪು ಹೊಡೆದುಕೊಂಡು ವರ್ಷಗಳೇ ಕಳೆದಿದ್ದವು. ಹೋದ ವಾರ ಮಗಳು ಬಾಗಿಲಲ್ಲಿ ಇವನನ್ನು ಕಂಡು, "ಅಮ್ಮಾ, ಭಾನುವಾರದ ಅಪ್ಪ ಬಂದ್ರು" ಎಂದು ಕೂಗಿದ್ದಳು. ಎಲ್ಲರೂ ನಕ್ಕರು. ಮಾರನೆಯ ದಿನವೇ ಅವನು ವರ್ಗದ ಅರ್ಜಿಯನ್ನು ಮತ್ತೊಮ್ಮೆ ಬರೆದು ಹಾಕಿದ. ಕುಣಿಗಲ್ಲಿನಲ್ಲಿ ಜಾಗ ಖಾಲಿಯಿತ್ತು, ವರ್ಗ ಮಾಡುವುದು ಇದೇ ಸಾಹೇಬರ ಕೈಯಲ್ಲಿತ್ತು. ಇವತ್ತು ಅವರು ಮೆಚ್ಚಿದರೆ ಬದುಕಿದ.

ಜೊತೆಗೆ ಬಂದಿದ್ದ ಸಹೋದ್ಯೋಗಿ ಚಿಕ್ಕಮಾರಯ್ಯ ಅಷ್ಟರಲ್ಲೇ ಅರಳಿಕಟ್ಟೆಯ ಮೇಲೆ ಟವೆಲು ಹಾಸಿದ್ದ. "ನೀವ್ ನೋಡ್ಕೊಂಡ್ ಬನ್ನಿ ಸಾರ್. ಸಾಹೇಬ್ರು ಬಂದ್ರೆ ಎಬ್ಬಿಸಿ."

ಪಕ್ಕದ ಮನೆ ಅಡವಿಯಪ್ಪನದು. ಅವನಿಗೆ ಕೊಟ್ಟ ಚಪ್ಪಲಿ ಜೋಡಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೊಳೆ ಹೊಡೆಸಿಕೊಂಡು ತಿರುಗಣಿಯಾಗಿತ್ತು.

"ನೋಡಿ ಸಾರ್, ಕಿಂಯ್ ಅಂತಾನೂ ಅನ್ನಾಕಿಲ್ಲ," ಎಂದು ಅಡವಿಯಪ್ಪ ಬಾಗಿಲು ತೆಗೆದು ಹಾಕಿ ತೋರಿಸಿದ.

"ಕಾಲಿಗೆ ಹಾಕ್ಕೊಳ್ಳೋದು ಕಣಯ್ಯಾ ಅದು!"

"ಹಾಕ್ಕೊಂಡಿದ್ದೆ ಸಾರ್. ಲಾರಿ ಎಳ್ದಂಗಾಯ್ತು."

ಮುಂದಿನ ಮನೆಯ ಶಿವರುದ್ರಮ್ಮನ ಬಕೀಟಿನಲ್ಲಿ ಕನಕಾಂಬರದ ಗಿಡ ಸೊಂಪಾಗಿ ಹೂ ಬಿಟ್ಟಿತ್ತು. ರಬ್ಬರಿನಲ್ಲಿ ಸೇದಿದ ನೀರು ಪೂಜೆಗಾಗುವುದಿಲ್ಲವೆಂದು ಅತ್ತೆ ಹಠ ಹಿಡಿದಿದ್ದರಂತೆ. ಹೊನ್ನಯ್ಯನ ಕಾಲೊರಸು ಎತ್ತಿನ ಹೆಗಲ ಮೇಲಿತ್ತು. ನೊಗ ಉಜ್ಜಿ ಹುಣ್ಣಾಗುತ್ತಿದ್ದ ಎತ್ತಿಗೆ ಈಗ ಹಾಯಾಗಿದೆಯೆಂದು ಹೊನ್ನಯ್ಯ ಅದರ ಬೆನ್ನು ತಟ್ಟಿದ. ಇಡೀ ಊರಿನಲ್ಲಿ ಒಂದೇ ಒಂದು ಸಾಮಾನೂ ಇಲಾಖೆ ಹೇಳಿದ ಕೆಲಸ ಮಾಡುತ್ತಿರಲಿಲ್ಲ.

ಸಿದ್ದಗಂಗಯ್ಯ ಬೀದಿಯಲ್ಲೇ ಕೈ ಮುಗಿದ. "ಒಂದ್ ಗಳಿಗೆ ಕಣ್ರಪ್ಪ. ಸಾಹೇಬ್ರು ನೋಡ್ಕೊಂಡ್ ಹೋಗೋಗಂಟ ಚಪ್ಲಿ ಚಪ್ಲಿಯಾಗಿರ್ಲಿ, ಬಕೀಟು ಬಕೀಟಾಗಿರ್ಲಿ. ನನ್ ಹೊಟ್ಟೆ ಮೇಲೆ ಹೊಡೀಬೇಡಿ."

ಸರ್ಕಾರದವನೇ ಕೈ ಮುಗಿದ ಮೇಲೆ ಊರಿನವರು ಕರಗಿಹೋದರು. ಅಡವಿಯಪ್ಪ ಹಿಂದೆಮುಂದೆ ನೋಡದೆ ಮೊಳೆ ಕಿತ್ತ. ಬಾಗಿಲು ಸೀದಾ ಬಂದು ಸಿದ್ದಗಂಗಯ್ಯನ ಪಾದದ ಮೇಲೆ ಬಿತ್ತು. ಗಿಡ ಕೀಳಲು ಮನಸ್ಸಾಗದ ಶಿವರುದ್ರಮ್ಮ ಹೂವಿನ ಸಮೇತ ಬಕೀಟನ್ನು ಬಾವಿಗೆ ಇಳಿಬಿಟ್ಟಳು. ಮಣ್ಣಿನ ಭಾರಕ್ಕೆ ಹಗ್ಗ ಜಾರಿ ಕನಕಾಂಬರ ತಳ ಸೇರಿತು. ಅವಳು ಅಳತೊಡಗಿದಳು, ಸಿದ್ದಗಂಗಯ್ಯನಿಗೂ ಜೊತೆಯಲ್ಲಿ ಕೂತು ಅತ್ತುಬಿಡೋಣವೆನ್ನಿಸಿತು. ಅಷ್ಟರಲ್ಲಿ ಜೀಪು ಬಂದು ನಿಂತಿತು.

ಸಾಹೇಬರು ಕೋಳಿಯನ್ನು ನೋಡಿದರು. ಬಿದ್ದ ಬಾಗಿಲನ್ನು ನೋಡಿದರು. ಒಂಟಿ ಕಾಲಲ್ಲಿ ನಿಂತಿದ್ದ ಸಿದ್ದಗಂಗಯ್ಯನನ್ನು ನೋಡಿದರು.

"ಏನ್ರೀ ಇದು?"

ಸುಳ್ಳು ಹೇಳುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ತಿರುಗಣಿ, ಕನಕಾಂಬರ, ಎತ್ತಿನ ಹೆಗಲು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ ತಲೆ ತಗ್ಗಿಸಿದ.

ಸಾಹೇಬರು ಅವನ ಬೆನ್ನು ತಟ್ಟಿದರು. "ಭೇಷ್! ಬೆಂಗಳೂರಲ್ಲಿ ಬಕೀಟು ಬಕೀಟು ಅಂತ ತಲೆ ತಿಂತಾರೆ ಕಣ್ರೀ. ತಿರುಗಣಿ ಯಾರಿಗ್ ಹೊಳೀತು? ಜನ ತಾವಾಗೇ ಬಳಸ್ತಾರಲ್ಲ, ಅದು ಮಾರ್ಕೆಟ್ಟು!"

ಸಿದ್ದಗಂಗಯ್ಯನಿಗೆ ಕಾಲುನೋವು ಮರೆತೇಹೋಯಿತು. ಕಣ್ಣ ಮುಂದೆ ಕುಣಿಗಲ್ಲಿನ ಮನೆಯ ಜಗುಲಿ ಬಂತು.

ಹನುಮಂತಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಇಂಥೋರು ಸಿಕ್ಕಾಕಿಲ್ಲ ಬುದ್ಧೀ. ನಮ್ಮಿಂದ ಬುಡಿಸ್ಬೇಡಿ." ಊರೆಲ್ಲ ಹೂಂಗುಟ್ಟಿತು.

"ಸಾರ್, ನನ್ನ ಅರ್ಜಿ..." ಎಂದ ಸಿದ್ದಗಂಗಯ್ಯ ಗಾಬರಿಯಿಂದ.

"ಗೊತ್ತು ಕಣ್ರೀ. ನಿಮ್ಮನ್ನ ಕುಣಿಗಲ್ಲಿಗೆ ಹಾಕೋಣ ಅಂತಲೇ ಬಂದಿದ್ದೆ. ಇಷ್ಟು ಕೆಲಸ ಮಾಡಿದೋರನ್ನ ಈಗ ಹೆಂಗ್ರೀ ಬಿಡ್ಲಿ? ಈ ಯೋಜನೆ ಮುಗಿಯೋವರೆಗೂ ನೀವು ಇಲ್ಲಿಂದ ಅಲ್ಲಾಡಬಾರದು." ಸಾಹೇಬರ ಕಣ್ಣು ಕಟ್ಟೆಯ ಕಡೆ ಹೊರಳಿತು. "ಅವನ್ಯಾರು ಗೊರಕೆ ಹೊಡೀತಿರೋದು? ನಿಮ್ಮ ಆಫೀಸಿನವನಾ? ಕೆಲಸ ನಡೆಯೋ ಕಡೆ ಇಂಥವರು ಇರಲೇಬಾರದು. ನಾಳೇನೇ ಕುಣಿಗಲ್ಲಿಗೆ ಎತ್ತಿಹಾಕ್ತೀನಿ."

ಜೀಪು ಹೋಯಿತು. ಸಿದ್ದಗಂಗಯ್ಯ ಕಟ್ಟೆಗೆ ಬಂದು ಕುಸಿದು ಕೂತ. ಚಿಕ್ಕಮಾರಯ್ಯ ಎದ್ದು ಆಕಳಿಸಿ, ಸುದ್ದಿ ಕೇಳಿ, ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಮೆಲ್ಲಗೆ ಹತ್ತಿರ ಸರಿದ.

"ಕುಣಿಗಲ್ಲಲ್ಲಿ ನಂಗ್ಯಾರೂ ಗೊತ್ತಿಲ್ಲ ಸಾರ್. ಹೋಟ್ಲೂಟ ಅಂತೂ ಒಗ್ಗಲ್ಲ. ನಿಮ್ ಮನೆಯೋರಿಗೆ ಒಂದ್ ಮಾತು ಹೇಳ್ಬುಡಿ, ದಿನಾ ರಾತ್ರಿ ಊಟಕ್ಕೆ ನಾನ್ ಬರ್ತೀನಿ ಅಂತ."