ಬಾಡಿಗೆಗೆ ಒಂದು ಕಿವಿ

ಎಲ್ಲಕ್ಕೂ ಕಾರಣ ಒಂದು ‘ಇನ್ಶಾ ಅಲ್ಲಾಹ್’.

ಗುರುವಾರ ಬೆಳಿಗ್ಗೆ ಬಯೂಮಿ ನೀರು ಸರಬರಾಜು ಕಚೇರಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದ. ಎರಡನೇ ಮಹಡಿಯ ಉಮ್ಮ್ ರಾಫತ್ ಬೆಂಡೆಕಾಯಿ ಹೆಚ್ಚುತ್ತಿದ್ದ ಚಾಕು ಹಿಡಿದುಕೊಂಡೇ ಅಡ್ಡ ನಿಂತಳು.

“ಏ ಬಯೂಮಿ, ಇವತ್ತು ರಾತ್ರಿ ಇಶಾ ನಮಾಜಾದ ಮೇಲೆ ನನ್ನ ತಮ್ಮ ಬರ್ತಾನೆ. ಅವನ ಕೈ ಹಿಡಿದು ಫಾತಿಹಾ ಓದಿಬಿಡು. ಅವನ ಮಗಳು ಬಂಗಾರ ಕಣೋ, ಬಂಗಾರ! ಬರ್ತೀಯ ತಾನೇ?”

‘ಇಲ್ಲ ಖಾಲಾ’ ಎನ್ನಬೇಕಿತ್ತು. ಮಾತು ಗಂಟಲವರೆಗೆ ಬಂತು. ಅಲ್ಲಿ ಯಾರೋ ಒಳಗಿನಿಂದ ಚಿಲಕ ಹಾಕಿದ್ದರು.

“ಇನ್ಶಾ ಅಲ್ಲಾಹ್,” ಎಂದ.

ದೇವರಿಚ್ಛೆ ಎಂದಷ್ಟೇ ಅದರ ಅರ್ಥ, ಆದರೆ ಅವಳಿಗೆ ಒಪ್ಪಿಗೆ ಎನ್ನಲು ಅಷ್ಟು ಸಾಕಾಯಿತು. ಕೈರೋದ ಸಯ್ಯಿದಾ ಝೈನಬ್‌ನ ಓಣಿಗಳಲ್ಲಿ ಹೆಣ್ಣಿನ ಕಡೆಯ ಗಂಡಸಿನ ಕೈ ಹಿಡಿದು ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿದರೆ ಮದುವೆ ಮಾತು ಮುಗಿದ ಹಾಗೆ. ಉಂಗುರ, ಶರಬತ್ತು ಎಲ್ಲ ಆಮೇಲಿನ ಸಡಗರ. ಓದಿದ್ದನ್ನು ಹಿಂದಕ್ಕೆ ತೆಗೆದುಕೊಂಡವನಿಗೆ ಓಣಿಯಲ್ಲಿ ಯಾರೂ ಸಲಾಮು ಹೇಳುವುದಿಲ್ಲ.

ನಲವತ್ತು ದಾಟಿದರೂ ಬಯೂಮಿ ಈವರೆಗೆ ಯಾರಿಗೂ ‘ಇಲ್ಲ’ ಎಂದವನಲ್ಲ. ಅವನ ಹಜಾರದಲ್ಲಿ ಮೂರನೇ ಮಹಡಿಯವರ ಸೋಫಾ, ಮಂಚದಡಿ ಯಾರದೋ ಟ್ಯಾಕ್ಸಿಯ ಟಯರುಗಳು, ಬಚ್ಚಲಲ್ಲಿ ಇಮಾಮರ ಭಾವಮೈದನ ಬಾತುಕೋಳಿ. “ಎರಡು ದಿನ ಇಟ್ಕೊಂಡಿರಪ್ಪ” ಎಂದು ಬಂದ ಬಾತುಕೋಳಿ ಈಗ ಬಯೂಮಿ ಸ್ನಾನಕ್ಕೆ ಹೋದರೆ ಯಾರು ನೀನು ಎನ್ನುವಂತೆ ನೋಡುತ್ತಿತ್ತು.

ತಾಯಿ ತೀರಿಕೊಂಡಾಗಲೂ ಹಾಗೇ ಆಯಿತು. ಸಂತಾಪದ ಶಾಮಿಯಾನಕ್ಕೆ ಬಂದವರು ಕಪ್ಪು ಕಾಫಿ ಕುಡಿದು, ಪಕ್ಕದಲ್ಲಿ ಕೂತು, ತಂತಮ್ಮ ಮಂಡಿನೋವು, ಬಾಡಿಗೆದಾರರ ಕಾಟ ಹೇಳಿಕೊಂಡು ಎದ್ದುಹೋದರು. ತಾಯಿಯ ಬಗ್ಗೆ ಒಂದು ಮಾತಾಡಲು ಅವನಿಗೇ ಸರದಿ ಬರಲಿಲ್ಲ. ಅಂದಿನಿಂದ ನಿದ್ದೆಯಿಲ್ಲ. ಸರಕಾರಿ ವಿಮೆಯ ಆಸ್ಪತ್ರೆಯ ವೈದ್ಯರು ಮುಖ ನೋಡದೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಕೊನೆಗೆ ಕಚೇರಿಯ ಗೆಳೆಯನೊಬ್ಬ ಕಿವಿಯಲ್ಲಿ ಉಸುರಿದ್ದ: “ಮುನೀರಾ ಬಡಾವಣೆಯಲ್ಲಿ ಡಾಕ್ಟರ್ ಮುಹ್ಸಿನ್ ಅಂತ ಇದ್ದಾರೆ. ಮನಸ್ಸಿನ ಡಾಕ್ಟರು. ಕೈಯಿಂದ ದುಡ್ಡು ಕೊಡಬೇಕು. ಆದ್ರೆ ಕೇಳ್ತಾರೆ.”

ಅವರ ಬಳಿ ಸಿಕ್ಕಿದ್ದ ಸಮಯ ಆ ಗುರುವಾರದ ಮಧ್ಯಾಹ್ನವೇ. ಇಶಾದೊಳಗೆ ‘ಇಲ್ಲ’ ಎನ್ನಲು ಕಲಿಯಬೇಕು, ಇಲ್ಲವಾದರೆ ರಾತ್ರಿಗೆ ಮದುಮಗ.

ಮಧ್ಯಾಹ್ನ ಕಚೇರಿಯಿಂದ ಮನೆಗೆ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟವನನ್ನು ಬಾಗಿಲು ಕಾಯುವ ಇದ್ರೀಸ್ ಕಾಕಾ ತನ್ನ ಬೆಂಚಿನ ಮೇಲಿಂದಲೇ ತಡೆದ. “ಎತ್ಲಾಗೆ ಸವಾರಿ?”

ಸುಳ್ಳು ಹೇಳಲು ಬರಲಿಲ್ಲ. “ಮುನೀರಾಕ್ಕೆ ಕಾಕಾ. ಡಾಕ್ಟರ್ ಮುಹ್ಸಿನ್ ಹತ್ರ.”

“ಡಾಕ್ಟರಾ! ಏನಾಗಿದೆ?”

“ಏನಿಲ್ಲ. ಒಳಗಡೆ ಸ್ವಲ್ಪ...” ಎಂದು ಎದೆ ಮುಟ್ಟಿಕೊಂಡು ಓಡಿದ.

ಅವನು ತಿರುವು ದಾಟುವಷ್ಟರಲ್ಲಿ ಇದ್ರೀಸ್ ಕಾಕಾ ಎರಡನೇ ಮಹಡಿಯಲ್ಲಿದ್ದ. “ಉಮ್ಮ್ ರಾಫತ್, ನಿಮ್ಮ ಅಳಿಯಂಗೆ ಎದೆ ರೋಗವಂತೆ!”

“ನನ್ನ ತಮ್ಮನ ಮಗಳಿಗೆ ಓಡೋ ಗಾಡಿ ಬೇಕು, ಗುಜರಿ ಅಲ್ಲ. ನಡಿ ಕಾಕಾ, ಆ ಡಾಕ್ಟರನ್ನೇ ಕೇಳೋಣ,” ಎಂದು ಆಕೆ ಬುರ್ಖಾ ಹೊದ್ದಳು.

ಚಿಕಿತ್ಸಾಲಯವಿದ್ದದ್ದು ಹಲ್ಲಿನ ವೈದ್ಯರ ಪಕ್ಕದಲ್ಲಿ. ಮೇಜಿನ ಹಿಂದೆ ಕೂತಿದ್ದವಳು ಡಾಕ್ಟರ್ ಮುಹ್ಸಿನ್ ಅವರ ತಂಗಿ ಇತಿದಾಲ್. ಬೆನ್ನು ನೆಟ್ಟಗೆ, ತುಟಿ ಬಿಗಿಯಾಗಿ, ಬೀಗ ಹಾಕಿದ ಕಪಾಟಿನಂತೆ ಇದ್ದಳು.

“ದುಡ್ಡು ಮೊದಲು,” ಎಂದಳು.

ಬಯೂಮಿ ಕೊಟ್ಟ. “ಮುಂದಿನ ವಾರದ್ದು ಮರುಭೇಟಿ ತಾನೇ? ಅದಕ್ಕೆ ದುಡ್ಡಿಲ್ಲ ಅಲ್ವಾ? ಎಲ್ಲ ಡಾಕ್ಟರ ಹತ್ರಾನೂ ಹಾಗೇ.”

“ಇಲ್ಲಿ ಮರುಭೇಟಿ ಅಂತಿಲ್ಲ. ಕೂತಾಗಲೆಲ್ಲ ಕೊಡಬೇಕು.”

“ಔಷಧಿ ಸೇರಿ?”

“ಔಷಧಿ ಕೊಡಲ್ಲ.”

“ಹಾಗಾದ್ರೆ ನಾನು ದುಡ್ಡು ಕೊಟ್ಟಿದ್ದು... ಮಾತಾಡೋದಕ್ಕೆ?”

“ಮಾತಾಡೋದು ಬಿಟ್ಟಿ. ಕೇಳೋದಕ್ಕೆ ದುಡ್ಡು.”

ಬಯೂಮಿ ಅಚ್ಚರಿಯಿಂದ ತಲೆದೂಗಿದ. ಇಷ್ಟು ವರ್ಷ ತಾನು ಕೇಳಿದ್ದಕ್ಕೆ ಓಣಿಯವರು ಕೊಟ್ಟಿದ್ದರೆ ಇಷ್ಟರಲ್ಲಿ ಓಣಿಯೇ ಅವನದಾಗಿರುತ್ತಿತ್ತು.

ಒಳಗೆ ಎರಡು ಕುರ್ಚಿ, ಕಾಗದದ ಕರವಸ್ತ್ರದ ಒಂದು ಪೆಟ್ಟಿಗೆ. ಡಾಕ್ಟರ್ ಮುಹ್ಸಿನ್ ಮೆಲ್ಲಗೆ ಹೇಳಿದರು: “ಹೆಚ್ಚುಕಡಿಮೆ ಒಂದು ಗಂಟೆ ನಿಮ್ಮದು. ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ. ನಾನು ಬುದ್ಧಿ ಹೇಳಲ್ಲ, ಒಂದೇ ದಿನದಲ್ಲಿ ವಾಸಿಯಾಗುತ್ತೆ ಅಂತಾನೂ ಹೇಳಲ್ಲ. ಎಲ್ಲಿಂದ ಬೇಕಾದರೂ ಶುರುಮಾಡಿ.” ಹೇಳಿ ಸುಮ್ಮನಾದರು.

ಬಯೂಮಿ ಕಾದ. ಇನ್ನೇನು ಇವರ ಮಂಡಿನೋವು ಶುರುವಾಗಬಹುದು ಎಂದುಕೊಂಡ. ಆಗಲಿಲ್ಲ. ಕೈರೋದಂಥ ಊರಲ್ಲಿ, ಹಗಲು ಹೊತ್ತಿನಲ್ಲಿ, ಒಬ್ಬ ಮನುಷ್ಯ ಬಾಯಿ ಮುಚ್ಚಿ ಅವನನ್ನೇ ನೋಡುತ್ತ ಕೂತಿದ್ದ! ಕುರಾನ್ ಪಠಿಸುವ ಒಳ್ಳೆಯ ಕಾರಿ ಒಂದು ಆಯತ್, ಅಂದರೆ ಒಂದು ವಚನ, ಮುಗಿಸಿ, ಮುಂದಿನದಕ್ಕೆ ಉಸಿರೆಳೆದುಕೊಳ್ಳುವ ನಡುವೆ ಇಡೀ ಶಾಮಿಯಾನ ಉಸಿರು ಹಿಡಿಯುತ್ತದಲ್ಲ, ಆ ಮೌನ. ಓದಿದ್ದು ಇಳಿಯುವುದೇ ಆ ಮೌನದಲ್ಲಿ. ಅದು ಇಲ್ಲಿ, ತನ್ನಂಥ ಗುಮಾಸ್ತನಿಗಾಗಿ ಹಾಸಿಟ್ಟಿತ್ತು.

“ನನ್ನಮ್ಮ ರೊಟ್ಟಿ ಮುರಿಯೋವಾಗ ದೊಡ್ಡ ತುಂಡು ನಂಗೆ ಕೊಡೋಳು,” ಎಂದ. ಅಷ್ಟೇ. ಕಟ್ಟೆ ಒಡೆಯಿತು. ಅವನು ಅಳುತ್ತ ಹೇಳಿದ, ಹೇಳುತ್ತ ಅತ್ತ. ಅಮ್ಮನ ಕೆಮ್ಮು, ಅಮ್ಮನ ತಸ್ಬೀಹ್ ಮಣಿಗಳ ಸದ್ದು, ಬಾತುಕೋಳಿ, ಇವತ್ತಿನ ರಾತ್ರಿ, ಎಲ್ಲವನ್ನೂ.

ಹೊರಗೆ ಉಮ್ಮ್ ರಾಫತ್ ಬಂದು ತಲುಪಿದ್ದಳು. “ಅವನಿಗೆ ಯಾವ ರೋಗ?”

“ಅದು ಗುಟ್ಟು,” ಎಂದಳು ಇತಿದಾಲ್.

“ಅಯ್ಯೋ, ಹೇಳೋಕ್ಕಾಗದಂಥ ರೋಗ!” ಉಮ್ಮ್ ರಾಫತ್ ಎದೆ ಬಡಿದುಕೊಂಡಳು. ರೋಗದ ಸುದ್ದಿ ಸಿಗದಿದ್ದಾಗ ಬೇರೆ ಸುದ್ದಿ ಹೆಕ್ಕಲು ಕೂತಳು. ಒಂದು ಲೋಟ ಚಹಾ ಮುಗಿಯುವುದರೊಳಗೆ ಇತಿದಾಲಳಿಗೆ ಮದುವೆಯಾಗಿಲ್ಲ, ತಂದೆಯಿಲ್ಲ, ಅಣ್ಣನೇ ಹಿರಿಯ ಎಂಬುದೆಲ್ಲ ತಿಳಿಯಿತು. ಅಷ್ಟರಲ್ಲಿ ಒಳಗಿನಿಂದ ಬಿಕ್ಕುವ ಸದ್ದು.

“ಹೋಗೇಬಿಟ್ಟ ಅನ್ಸುತ್ತೆ,” ಎಂದ ಇದ್ರೀಸ್ ಕಾಕಾ.

ಒಳಗೆ ಬಯೂಮಿ ಹೋಗಿರಲಿಲ್ಲ, ಅವನಿಗೆ ಜೀವ ಬಂದಿತ್ತು. ವೈದ್ಯರು ಖಾಲಿ ಗೋಡೆ ತೋರಿಸಿ, “ಅಲ್ಲಿ ಉಮ್ಮ್ ರಾಫತ್ ನಿಂತಿದ್ದಾರೆ ಅಂದ್ಕೊಳ್ಳಿ. ಹೇಳಿ,” ಎಂದಿದ್ದರು. ಗೋಡೆಗೆ ಅವನು ಮೊದಲು ಪಿಸುಗುಟ್ಟಿದ, ಆಮೇಲೆ ಗಟ್ಟಿಯಾಗಿ ಹೇಳಿದ: “ಇಲ್ಲ!” ಗೋಡೆ ಬೀಳಲಿಲ್ಲ. ಅವನು ಬೆರಗಾಗಿ ನಿಂತ.

ಸಮಯ ಮುಗಿಯಿತು. ವೈದ್ಯರು ಬೀಳ್ಕೊಡಲು ಕೈ ಚಾಚಿದರು. ಬಯೂಮಿ ಆ ಕೈಯನ್ನು, ಮೂಗು ಒರೆಸಿದ ಕರವಸ್ತ್ರದ ಸಮೇತ, ಗಟ್ಟಿಯಾಗಿ ಹಿಡಿದ. “ಡಾಕ್ಟ್ರೇ, ಅಮ್ಮನ ಆತ್ಮಕ್ಕೆ ಒಂದು ಫಾತಿಹಾ...” ಎಂದವನೇ ಕಣ್ಣು ಮುಚ್ಚಿ ಶುರುಮಾಡಿಯೇಬಿಟ್ಟ. ಫಾತಿಹಾ ಶುರುವಾದ ಮೇಲೆ ಯಾವ ಮುಸಲ್ಮಾನ ಕೈ ಕಿತ್ತುಕೊಳ್ಳುತ್ತಾನೆ? ವೈದ್ಯರೂ ತಲೆ ಬಾಗಿಸಿ ಓದಿದರು.

ಬಾಗಿಲು ಧಡ್ಡನೆ ತೆರೆದದ್ದು “ಆಮೀನ್” ಎನ್ನುವ ಹೊತ್ತಿಗೆ.

ಉಮ್ಮ್ ರಾಫತ್ ನೋಡಿದಳು: ಬಲಗೈಗೆ ಬಲಗೈ, ಮೇಲೆ ನಿಕಾಹಿನಲ್ಲಿ ಹೊದಿಸುವ ಹಾಗೆ ಬಿಳಿ ಕರವಸ್ತ್ರ, ಇಬ್ಬರ ತುಟಿಯಲ್ಲೂ ಫಾತಿಹಾ, ಗಂಡಿನ ಕಣ್ಣಲ್ಲಿ ನೀರು.

“ಎಲಾ ದ್ರೋಹಿ! ನನ್ನ ಮಾತು ರಾತ್ರಿಗೆ ಇಟ್ಕೊಂಡು, ಮಧ್ಯಾಹ್ನ ಇಲ್ಲಿ ಸಂಬಂಧ ಕುದುರಿಸ್ತೀಯಾ? ಈಗಲೇ ಹೇಳು, ನನ್ನ ತಮ್ಮನ ಮಗಳನ್ನ ಮಾಡ್ಕೋತೀಯಾ?”

ಬಯೂಮಿ ಎದೆಯುಬ್ಬಿಸಿದ. ಗಂಟಲ ಚಿಲಕ ತೆರೆಯಿತು.

“ಇಲ್ಲ!”

ಎಂಥ ಇಲ್ಲ! ಕಿಟಕಿಯ ಗಾಜು ಅದುರಿತು. ತನ್ನೊಳಗಿನಿಂದ ಬಂದದ್ದು ಇದೇನಾ ಎಂದು ಬಯೂಮಿ ಮೈಮರೆತ.

“ಕೇಳಿದ್ರಾ? ಡಾಕ್ಟರ ತಂಗೀನೇ ಅಂತ ಒಪ್ಕೊಂಡುಬಿಟ್ಟ!” ಎಂದ ಇದ್ರೀಸ್ ಕಾಕಾ. ಎಲ್ಲರ ಕಣ್ಣು ಇತಿದಾಲಳ ಕಡೆ ತಿರುಗಿತು. ಆಕೆ ಬಾಯಿಗೆ ಕೈ ಅಡ್ಡಹಿಡಿದು ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು. ಹಲ್ಲಿನ ವೈದ್ಯರ ದಾದಿ ಓಡಿಬಂದು ನಾಲಗೆ ಹೊರಳಿಸಿ ಮದುವೆಮನೆಯ ಉಲುಲು ಕೂಗಿದಳು. ಬಾಯಲ್ಲಿ ಹತ್ತಿ ತುರುಕಿಕೊಂಡಿದ್ದ ಒಬ್ಬ ಮುದುಕಿಯೂ ಕೈಲಾದಷ್ಟು ಕೂಗಿದಳು.

“ಹೌದಾ ಉಸ್ತಾದ್ ಬಯೂಮಿ? ನಿಜವಾಗಲೂ... ನನ್ನನ್ನ?” ಎಂದಳು ಇತಿದಾಲ್.

ಇನ್ನೊಂದು ‘ಇಲ್ಲ’ಕ್ಕಾಗಿ ಬಯೂಮಿ ಒಳಗೆಲ್ಲ ತಡಕಾಡಿದ. ಖಾಲಿ. ಅವನು ವೈದ್ಯರ ಕಡೆ ನೋಡಿದ. ಗೋಡೆಗೆ ಇಲ್ಲ ಎನ್ನಲು ಕಲಿಸಿದ ಮಹಾನುಭಾವ, ತನ್ನ ಪರವಾಗಿ ಇವರೇ ಹೇಳುತ್ತಾರೆ ಎಂದುಕೊಂಡ. ವೈದ್ಯರು ಬಾಯಿ ತೆರೆದರು. ತಂಗಿಯ ಮುಖ ನೋಡಿದರು. ಬಾಯಿ ಮುಚ್ಚಿದರು. ಕನ್ನಡಕ ತೆಗೆದು ಒರೆಸಿದರು.

“ಅಲ್ಲಾಹ್ ಒಳ್ಳೇದು ಮಾಡಲಿ,” ಎಂದರು.

“ನಿನ್ನ ಎದೆರೋಗ ಇವಳಿಗೇ ಇರಲಿ!” ಎಂದು ಉಮ್ಮ್ ರಾಫತ್ ದುಡುದುಡು ಇಳಿದುಹೋದಳು. ಇದ್ರೀಸ್ ಕಾಕಾ ಶರಬತ್ತು ತರಲು ಹೋದ.

ಬಯೂಮಿ ವೈದ್ಯರ ತೋಳು ಹಿಡಿದುಕೊಂಡ. “ಇರಲಿ ಡಾಕ್ಟ್ರೇ. ಆಗಿದ್ದು ಆಯ್ತು. ಮುಂದಿನ ಗುರುವಾರ ನನ್ನ ಹೆಸರು ಬರ್ಕೊಳ್ಳಿ. ಇದರ ಬಗ್ಗೆ ತುಂಬ ಮಾತಾಡೋದಿದೆ.”

ವೈದ್ಯರ ಮುಖ ಬಾಡಿತು. “ಗುರುವಾರ ಊಟಕ್ಕೆ ಬನ್ನಿ ಭಾವ. ಆದ್ರೆ ಆ ಕೋಣೆಗೆ ಬರೋ ಹಾಗಿಲ್ಲ. ನೆಂಟರನ್ನ ನಾವು ನೋಡಬಾರದು. ನಮ್ಮ ವೃತ್ತಿಯ ನಿಯಮ.”

“ಅದೇನು, ಈಗ ನೀವು ನಂಗೇ ‘ಇಲ್ಲ’ ಅಂತ ಹೇಳ್ತಿದ್ದೀರಾ?”

“ಹೂಂ,” ಎಂದರು ವೈದ್ಯರು, ತಲೆ ತಗ್ಗಿಸಿ.

ಮೆಟ್ಟಿಲ ಬಳಿ ಇತಿದಾಲ್ ಕಾಯುತ್ತಿದ್ದಳು. ಬೀಗ ಹಾಕಿದ್ದ ಕಪಾಟು ಹಾರುಹೊಡೆದಿತ್ತು.

“ಇಷ್ಟು ವರ್ಷ, ಆ ಬಾಗಿಲ ಹೊರಗೇ ಕೂತಿದ್ದೀನಿ. ಊರಿನೋರೆಲ್ಲ ಒಳಗೆ ಹೋಗಿ ಮಾತಾಡಿ ಹಗುರಾಗಿ ಬರೋರು. ನನ್ನನ್ನ ಯಾರೂ ಒಂದು ಮಾತು ಕೇಳಿಲ್ಲ. ಎಷ್ಟು ಹೇಳೋದಿದೆ ಗೊತ್ತಾ? ಕೂತ್ಕೊಳ್ಳಿ. ಮೊದಲು ನಮ್ಮಪ್ಪ ತೀರಿಹೋದ ವರ್ಷದಿಂದ ಶುರುಮಾಡ್ತೀನಿ.”

ಅವಳ ಕಣ್ಣು ನೋಡಿ ಬಯೂಮಿ ಮೆಟ್ಟಿಲ ಮೇಲೆ ಕೂತ. ಬಾಯಿ ಮುಚ್ಚಿ, ಅವಳನ್ನೇ ನೋಡುತ್ತ, ಕೇಳತೊಡಗಿದ.