ಬ್ಯಾಡಗಿ ಪುಡಿಗೆ ಖಾರವಿಲ್ಲವೆಂದು ದೂರಿದ್ದು

…ಅಥವಾ ಆ ಫೋಟೋದಲ್ಲಿದ್ದ ತಾಟು ನಮ್ಮ ಮನೆಯದಲ್ಲವೇನೋ. ನಮ್ಮದೇ ಎಂದು ಆಣೆ ಮಾಡಬಲ್ಲೆ, ಆದರೆ ಹೊಟ್ಟೆಕಿಚ್ಚಿನವನ ನೆನಪು ಯಾರ ತಾಟನ್ನಾದರೂ ತನ್ನ ಮುಂದೆ ಎಳೆದುಕೊಳ್ಳುತ್ತದೆ.

ಹಾವೇರಿಯಲ್ಲಿರುವ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ ಈರಣ್ಣ, ರಾಣೆಬೆನ್ನೂರಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ನನ್ನ ಹೆಂಡತಿ ಗಿರಿಜಾ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅವನು ರೊಟ್ಟಿ ಮುರಿಯುವ ಮೊದಲು ಮೊಬೈಲು ತೆಗೆದ, ಅಷ್ಟು ನೆನಪಿದೆ. ಬ್ಯಾಡಗಿಯಿಂದ ಆನ್‌ಲೈನಿನಲ್ಲಿ ಖಾರದಪುಡಿ ಮಾರುವ ಅಂಗಡಿಯೊಂದು ಗಿರಾಕಿಗಳ ಅಡುಗೆಯ ಫೋಟೋ ತರಿಸಿಕೊಂಡು, ಚಂದದ್ದನ್ನು ಹೆಸರು ಹಾಕಿ ಹಂಚುತ್ತದೆ. ಪುಡಿ ಕೊಂಡವನೇ ಡಂಗುರವನ್ನೂ ಬಾರಿಸಬೇಕು. ಎಂಥ ಜಾಣರು! ಈರಣ್ಣ ಕಳಿಸಿದ ತಾಟಿನ ಫೋಟೋ ಹಂಚಿದರು, ವಾರದೊಳಗೆ ಅವನು ಪ್ರಸಿದ್ಧನಾದ.

"ನೋಡ್ರಿ, ಮಾಮಾನ ತಾಟು ಎಲ್ಲಾರ ಮೊಬೈಲಿನ್ಯಾಗ ಐತಿ," ಎಂದಳು ಗಿರಿಜಾ.

"ಅದು ನೀ ಮಾಡಿದ ಎಣ್ಣಿಗಾಯಿ!"

"ಅಕ್ಕಂದೂ ಹಂಗ ಇರತೈತಿ. ಇಬ್ರೂ ಅವ್ವನ ಕಡೇನ ಕಲತೇವಿ. ಯಾರದರ ಆಗ್ಲಿ, ಮಾಮಾ ಫೋಟೋ ತಗದ್ರು. ನೀವು ಇಷ್ಟ್ ವರ್ಷ ಉಂಡೀರಿ, ಒಮ್ಮೆರ ಛಲೋ ಆಗೇತಿ ಅಂದೀರೇನು?"

ಅದು ನಾಟಿತು. ಅವಳ ಕೈರುಚಿಯನ್ನು ಲೋಕಕ್ಕೆ ಸಾರುವವನು ನಾನೇ ಆಗಬೇಕೆಂದು ಆ ಅಂಗಡಿಯ ಪುಡಿ ತರಿಸಿ ಫೋಟೋ ಕಳಿಸತೊಡಗಿದೆ. ಒಂದರಲ್ಲಿ ನನ್ನ ಹೆಬ್ಬೆರಳು, ಇನ್ನೊಂದರಲ್ಲಿ ಬರೀ ಹಬೆ. ಉದ್ದದ ಹೊಗಳಿಕೆ ಬರೆದೆ. ಅಂಗಡಿಯವರು ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ಸಿಟ್ಟಿನಲ್ಲಿ ಬರೆದೆ: 'ನಿಮ್ಮ ಪುಡಿ ಎಷ್ಟು ಹಾಕಿದರೂ ಖಾರವಿಲ್ಲ, ಬರೀ ಕೆಂಪು.'

ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಬಣ್ಣ, ಖಾರ ಬೇಕಾದರೆ ಬೇರೆ ಕಾಯಿ ಕೂಡಿಸಿ ಕುಟ್ಟಿಸಬೇಕು. ಇದು ನಮ್ಮ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸಿಟ್ಟಿನಲ್ಲಿ ನನಗೆ ಮರೆತಿತ್ತು, ಅಂಗಡಿಯವರಿಗೆ ಮರೆತಿರಲಿಲ್ಲ. ಮರುದಿನವೇ ನನ್ನ ಸಾಲನ್ನು ಹೆಸರು, ಊರು ಸಮೇತ ಹಂಚಿದರು. ಕೆಳಗೆ ಒಂದು ಮಾತು: 'ಅಪ್ಪಟ ಬ್ಯಾಡಗಿ ಎನ್ನುವುದಕ್ಕೆ ಗಿರಾಕಿಯ ಸಾಕ್ಷಿ!'

ಈರಣ್ಣ ಫೋನು ಮಾಡಿದ. "ಭಲೇ ಸಾಹೇಬ್ರ! ನನ್ನ ತಾಟು ಊರು ತಿರುಗಿತು, ನಿಮ್ಮ ದೂರು ಜಿಲ್ಲಾನ ತಿರಗಾಕತ್ತೈತಿ. ಹೆಂಗ ಬೈಬೇಕು, ನಮಗೂ ಒಂಚೂರು ಹೇಳಿಕೊಡ್ರಿ." ಅವನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು ಎಂದು ನನ್ನ ನೆನಪು. ನಂಬಲೇಬೇಕೆಂದಿಲ್ಲ.

ಗಿರಿಜಾ ಅಂಗಡಿಯವರು ಹಂಚಿದ ನನ್ನ ದೂರನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡಳು. 'ನಮ್ಮ ಮನಿಯವರು' ಎಂದು ಬರೆದು ಪಕ್ಕದಲ್ಲೊಂದು ನಗುವ ಮುಖ. ಅದು ಹೆಮ್ಮೆಯಿಂದ ನಗುತ್ತಿತ್ತೋ, ನನ್ನನ್ನು ನೋಡಿ ನಗುತ್ತಿತ್ತೋ? ಮೊನ್ನೆ ಎಣ್ಣೆಗಾಯಿ ಬಡಿಸಿದಾಗ ಕೇಳೋಣವೆಂದು ಬಾಯಿ ತೆರೆದೆ. "ಛಲೋ ಆಗೇತಿ," ಎಂದುಬಿಟ್ಟೆ. ಅವಳು ಮತ್ತೆ ನಕ್ಕಳು. ಈ ನಗೆ ಯಾವುದು, ಅದೂ ನನಗೆ ಗೊತ್ತಿಲ್ಲ.